ನೀರಗಂಟಿ ದುರುಗವ್ವನ ಅಳತೆಗೆ ಬಂದ ಸೈಕಲ್ಲು

ಬೆಳ್ಳಿ ಮೂಡಿದೆ, ಬೆಳಕು ಇನ್ನೂ ಹರಿದಿಲ್ಲ. ಹೊಸಪೇಟೆಯಿಂದ ಹಂಪಿಯ ಕಡೆಗೆ ಹರಿಯುವ ಕಾಲುವೆಯ ದಂಡೆಯ ಮೇಲೆ ಮೊದಲು ಸೈಕಲ್ಲಿನ ಸರಪಳಿಯ ಸದ್ದು ಕೇಳುತ್ತದೆ. ಆಮೇಲೆ ಸೈಕಲ್ಲು ಕಾಣುತ್ತದೆ. ಅದರ ಮೇಲಿರುವವರು ಕಾಣುವುದು ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ದೂರದಿಂದ ಹ್ಯಾಂಡಲ್ಲಿನ ಮೇಲೆ ಸೆರಗು ಸುತ್ತಿದ ತಲೆಯೊಂದೇ ತೋರುತ್ತದೆ. ಕಚ್ಚೆ ಬಿಗಿದ ಸೀರೆ, ಬರಿಗಾಲು. ಕಾಲುಗಳು ಹೊಲಿಗೆ ಯಂತ್ರದ ಗಾಲಿಯಂತೆ ಸರಸರನೆ ತಿರುಗುತ್ತಿವೆ. ಹಿಂದಿನ ಕ್ಯಾರಿಯರಿಗೆ ಕಟ್ಟಿದ ಸಲಿಕೆಯ ಕಾವು, ಅದರ ಮರದ ಹಿಡಿ, ಮೋಟಾಗಿದೆ.

ಇವರು ದುರುಗವ್ವ, ಈ ಕಾಲುವೆಯ ನೀರಗಂಟಿ. ಯಾವ ಹೊಲಕ್ಕೆ ಎಂದು ನೀರು, ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಂಡು ತೂಬು ತೆಗೆಯುವುದು, ಮುಚ್ಚುವುದು ಇವರ ಕೆಲಸ.

ಮುರುಕು ಮಂಟಪದ ಕಂಬಕ್ಕೆ ಸೈಕಲ್ಲು ಒರಗಿಸಿ, ದುರುಗವ್ವ ತೂಬಿನ ಬಾಯಿಗೆ ಹಲಗೆ ಇಳಿಸುತ್ತಾರೆ. ಸಂದಿಗೆ ಹುಲ್ಲು ತುರುಕಿ, ಸಲಿಕೆಯಿಂದ ಕೆಸರು ಮೆತ್ತುತ್ತಾರೆ. ಪಕ್ಕದ ಗದ್ದೆಯ ರೈತನೊಬ್ಬ ಕಂಬಳಿ ಹೊದ್ದುಕೊಂಡೇ ಓಡಿಬರುತ್ತಾನೆ.

"ಯವ್ವಾ, ಒಂದು ಗಳಿಗಿ ಬಿಡು. ಅರ್ಧ ಮಡಿ ಉಳಿದೈತಿ."

"ನಿನ್ನ ಪಾಳಿ ಮುಗೀತಪ್ಪಾ. ನೀರು ಬಂದಾಗ ಮಲಗಿದ್ದಿ, ನೀರು ಹೋಗುವಾಗ ಎದ್ದೀ."

"ಕಂಬಳಿ ಬೆಚ್ಚಗಿತ್ತವ್ವಾ."

"ಹಂಗಾದ್ರ ಇನ್ನೊಂದೀಟು ಹೊತ್ಕಂಡು ಮಲಗು. ಮುಂದಿನ ಪಾಳಿಗೆ ನಾನೇ ಬಂದು ಎಬ್ಬಸ್ತೀನಿ."

ರೈತ ನಗುತ್ತಾ ಹಿಂದಿರುಗುತ್ತಾನೆ. ದುರುಗವ್ವ ಕೈ ತೊಳೆದು ಮತ್ತೆ ಸೈಕಲ್ಲು ಏರುತ್ತಾರೆ. ಮೇಲಿನ ತೂಬುಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ಮುಚ್ಚಿದರಷ್ಟೇ ಕೊನೆಯ ತೂಬಿನವರೆಗೆ ನೀರು ಮುಟ್ಟುತ್ತದೆ. ತಡವಾದರೆ ನೀರು ದಾರಿಯಲ್ಲೇ ಹಂಚಿಹೋಗುತ್ತದೆ, ಹಂಪಿಯ ಬಾಳೆ ತೋಟಗಳು ಒಣಗುತ್ತವೆ. ನಡೆದು ಹೋದರೆ ಸೂರ್ಯ ನೆತ್ತಿಗೆ ಬರುತ್ತಾನೆ. ಅದಕ್ಕೆಂದೇ ರೈತರೆಲ್ಲ ಸೇರಿ ಹಿಂದೊಮ್ಮೆ ನೀರಗಂಟಿಗೆ ಈ ಸೈಕಲ್ಲು ಕೊಡಿಸಿದ್ದರು. ಆಗ ನೀರಗಂಟಿಯಾಗಿದ್ದವರು ದುರುಗವ್ವನ ಗಂಡ ಗಾಳೆಪ್ಪ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಬರುವಷ್ಟು ಎತ್ತರದ ಆಳು.

ಹೋದ ಮಾಗಿಯಲ್ಲಿ ಗಾಳೆಪ್ಪ ಜ್ವರ ಬಂದು ತೀರಿಕೊಂಡರು. ಅವರು ಹಾಸಿಗೆ ಹಿಡಿದಿದ್ದಷ್ಟು ದಿನವೂ ತೂಬು ನೋಡಿಕೊಂಡವರು ದುರುಗವ್ವ. ದಿನ ಕರ್ಮ ಮುಗಿದ ಮೇಲೆ, ಈ ಕೆಲಸ ನಾನೇ ಮಾಡುತ್ತೇನೆ ಎಂದು ರೈತರ ಮುಂದೆ ಹೋಗಿ ನಿಂತರು. ಸುಗ್ಗಿಯಲ್ಲಿ ಪ್ರತಿ ಕಣದಿಂದ ನೀರಗಂಟಿಗೆ ಬರುವ ಕಾಳಿನಲ್ಲೇ ಮನೆಯ ಒಲೆ ಉರಿಯಬೇಕು. ಮನೆಯಲ್ಲಿ ಕಣ್ಣು ಕಾಣದ ಅತ್ತೆ ಇದ್ದಾರೆ.

ರೈತರ ಹಿರಿಯರು ಮರುಳಸಿದ್ದಪ್ಪನವರು. ಕೊನೆಯ ತೂಬಿನ ಬಾಳೆ ತೋಟ ಅವರದೇ. ದುರುಗವ್ವನನ್ನೂ ಸೈಕಲ್ಲನ್ನೂ ಒಮ್ಮೆ ನೋಡಿ ಅವರು ಕೇಳಿದ ಮಾತು ಊರಿಗೆಲ್ಲ ಗೊತ್ತು: "ಸೈಕಲ್ಲು ನಿನ್ನನ್ನ ಹೊರತೈತೋ, ನೀನೇ ಸೈಕಲ್ಲನ್ನ ಹೊತ್ಕಂಡು ಹೋಗ್ತೀಯೋ?"

ಆಮೇಲೆ ಒಂದು ಕರಾರು ಹಾಕಿದರು. ಕಾರ ಹುಣ್ಣಿಮೆಯವರೆಗೆ ಕೆಲಸ ಮಾಡಲಿ. ಅಷ್ಟರೊಳಗೆ ಒಂದು ದಿನವಾದರೂ ಬಿಸಿಲು ಬಾಳೆಯ ಸುಳಿಗೆ ತಾಗುವ ಮೊದಲು ನೀರು ತಮ್ಮ ತೋಟಕ್ಕೆ ಬರಬೇಕು. ಬಾರದಿದ್ದರೆ ಬೇರೆ ಆಳು. ಇಲ್ಲಿನ ರೂಢಿಯಂತೆ ಹೊಸ ನೀರಗಂಟಿಯನ್ನು ಒಪ್ಪಿದ ದಿನ ಹಳೆಯ ನೀರಗಂಟಿಯ ಸಲಿಕೆಯನ್ನು ಗಂಗಮ್ಮನ ಪೂಜೆ ಮಾಡಿ ಕೈಗೆ ಕೊಡುತ್ತಾರೆ. ಅಲ್ಲಿಯವರೆಗೆ ಗಾಳೆಪ್ಪನ ಸಲಿಕೆ ಮರುಳಸಿದ್ದಪ್ಪನವರ ಮನೆಯ ಮೂಲೆಯಲ್ಲೇ ಉಳಿಯಿತು. ದುರುಗವ್ವ ಎರವಲು ಸಲಿಕೆಯಿಂದ ಕೆಲಸ ಮಾಡಿದರು.

ಮಕ್ಕಳಂತೆ ಚೌಕಟ್ಟಿನೊಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುವುದನ್ನು ಅವರು ಬೇಗ ಕಲಿತರು. ಆದರೆ ಸಲಿಕೆ ಕಟ್ಟಿಕೊಂಡು, ಇಕ್ಕಟ್ಟಿನ ದಂಡೆಯ ಮೇಲೆ ಅದು ಸಾಗುವುದಿಲ್ಲ. ಸೀಟಿನ ಮೇಲೆ ಕೂತರೆ ಪೆಡಲು ಕೆಳಗೆ ಹೋದಾಗ ಕಾಲಿಗೆ ಸಿಗದು. ಸೀಟು ಪೂರ್ತಿ ಇಳಿಸಿದರೆ ಪೆಡಲು ಮೇಲೆ ಬಂದಾಗ ಮೊಳಕಾಲು ಎದೆಗೆ ಬಡಿಯುತ್ತದೆ. ಊರ ಬಡಿಗ ಪೆಡಲಿಗೆ ಮರದ ತುಂಡು ಕಟ್ಟಿಕೊಟ್ಟ. ಕೆಳಗೇನೋ ಕಾಲಿಗೆ ಸಿಕ್ಕಿತು, ಆದರೆ ಮೇಲೆ ಬಂದಾಗ ಮೊಳಕಾಲು ಮೊದಲಿಗಿಂತ ಎತ್ತರಕ್ಕೆ ಎದ್ದಿತು.

"ಅವತ್ತು ನನ್ನ ಮೊಳಕಾಲು ನನ್ನ ಗದ್ದಕ್ಕ ಗುದ್ದಿತವ್ವಾ," ಎಂದು ದುರುಗವ್ವ ನನಗೆ ಗದ್ದ ಮುಟ್ಟಿ ತೋರಿಸುತ್ತಾರೆ. "ಯಾರ ಕೂಡ ಜಗಳಾಡ್ಲಿ?"

ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಉಜ್ಜಿನಪ್ಪನವರು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಬಹಳ ಹೊತ್ತು ಪೆಡಲು ತಿರುಗಿಸುತ್ತ ಕೂತರು. ಪೆಡಲನ್ನು ಹಿಡಿದಿರುವ ಕಬ್ಬಿಣದ ತೋಳಿಗೆ ಅಂಗಡಿಯವರು ಕ್ರ್ಯಾಂಕು ಎನ್ನುತ್ತಾರೆ. ಆ ತೋಳು ಗಿಡ್ಡವಾದರೆ ಪೆಡಲು ಕೆಳಗೂ ಅಷ್ಟು ದೂರ ಹೋಗದು, ಮೇಲೂ ಅಷ್ಟು ಎತ್ತರಕ್ಕೆ ಏಳದು.

"ಸೀಟಿಂದಲ್ಲ ತಪ್ಪು," ಎಂದರಂತೆ ಉಜ್ಜಿನಪ್ಪ. "ಇದರ ತೋಳು ಗಾಳೆಪ್ಪಗ ಸರಿ ಇತ್ತು. ನಿನಗ ಉದ್ದ ಆತು."

ಗಿಡ್ಡ ಕ್ರ್ಯಾಂಕು ಎಲ್ಲಿಂದ ಬರಬೇಕು? ಮಹಾಯುದ್ಧ ಶುರುವಾದ ಮೇಲೆ ಪರದೇಶದಿಂದ ಸೈಕಲ್ಲಿನ ಸಾಮಾನು ಬರುವುದೇ ನಿಂತಿದೆ. ಕಂಪ್ಲಿಯ ಕಮ್ಮಾರನೊಬ್ಬ ಕ್ರ್ಯಾಂಕಿನ ನಡುಭಾಗ ಕಾಯಿಸಿ ಬಡಿದು ಅಗಲ ಮಾಡಿ, ತುದಿಗಿಂತ ಒಳಗೆ ಹೊಸ ತೂತು ಕೊರೆದುಕೊಟ್ಟ. ಉಜ್ಜಿನಪ್ಪ ಅದಕ್ಕೆ ತಿರುಪು ಕೊರೆದರು. ಸೈಕಲ್ಲಿನ ಎಡ ಪೆಡಲಿಗೆ ತಿರುಪು ಉಲ್ಟಾ ಇರುತ್ತದೆ, ಇಲ್ಲದಿದ್ದರೆ ತುಳಿದಂತೆಲ್ಲ ಬಿಚ್ಚಿಕೊಳ್ಳುತ್ತದೆ. ಉಲ್ಟಾ ತಿರುಪು ಕೊರೆಯುವ ಹತಾರ ಅಂಗಡಿಯಲ್ಲಿರಲಿಲ್ಲ. ಎರಡೂ ಕಡೆ ಒಂದೇ ತಿರುಪು ಕೊರೆದು, ಎಡಕ್ಕೂ ಬಲದ ಪೆಡಲನ್ನೇ ಹಾಕಿ, ಬಿಗಿಯಾಗಿ ಕೂತಿದೆ ಎಂದು ಕಳಿಸಿದರು. ಎರಡನೆಯ ತೂಬು ದಾಟುವಷ್ಟರಲ್ಲಿ ಪೆಡಲು ಬಿಚ್ಚಿಕೊಂಡು ಕಾಲುವೆಗೆ ಬಿತ್ತು. ಅದರ ಹಿಂದೆ ದುರುಗವ್ವ.

"ಪೆಡಲು ಸಿಗಲಿಲ್ರಿ. ನಾನು ಸಿಕ್ಕೆ," ಎಂದು ಅಂಗಡಿಯ ಮುಂದೆ ಒದ್ದೆ ಸೀರೆಯಲ್ಲಿ ಬಂದು ನಿಂತರಂತೆ.

ಉಜ್ಜಿನಪ್ಪನವರಿಗೆ ಅನ್ನ ಸೇರಲಿಲ್ಲ. ಆಗ ನೆನಪಾದದ್ದು ಸಂಡೂರಿನ ಒಂದು ಮನೆ. ಹಿಂದೆ ಆ ಮನೆಯ ಹುಡುಗನ ಸಣ್ಣ ಸೈಕಲ್ಲಿಗೆ ಅವರೇ ಪಂಕ್ಚರ್ ಹಾಕಿದ್ದರು. ಮರುದಿನ ಅಂಗಡಿ ಮುಚ್ಚಿ, ಹೊಸಪೇಟೆಯಲ್ಲಿ ಅದಿರು ಇಳಿಸಿ ಬರಿದಾಗಿ ಹಿಂದಿರುಗುತ್ತಿದ್ದ ಬಂಡಿಯಲ್ಲಿ ಇಬ್ಬರೂ ಸಂಡೂರಿಗೆ ಹೊರಟರು. ದುರುಗವ್ವನ ಮಡಿಲಲ್ಲಿ ಒಂದು ಚಿಪ್ಪು ಬಾಳೆಹಣ್ಣು.

ಆ ಮನೆಯ ಸುವರ್ಣಮ್ಮನವರು ಬಾಳೆಹಣ್ಣು ತೆಗೆದುಕೊಂಡರು, ಸೈಕಲ್ಲು ಮಾತ್ರ ಕೊಡಲೊಪ್ಪಲಿಲ್ಲ. ಮಗ ದೊಡ್ಡವನಾಗಿದ್ದಾನೆ, ಗಾಲಿಯ ರಬ್ಬರು ಕೊಳೆತುಹೋಗಿದೆ. ಆದರೂ ಅದು ಮಗ ಹತ್ತಿದ ಸೈಕಲ್ಲು.

"ಯಾವ ಹುಡುಗನಿಗೆ ಬೇಕಾಗಿತ್ತವ್ವಾ?" ಎಂದು ಕೇಳಿದರು.

"ಹುಡುಗಗ ಅಲ್ರೀ, ನನಗ."

ಸುವರ್ಣಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ದುರುಗವ್ವ ನಗು ಮುಗಿಯುವವರೆಗೆ ಕಾದರು.

"ಸೈಕಲ್ಲು ನಿಮ್ಮ ಅಟ್ಟದ ಮ್ಯಾಲೇ ಇರಲಿ. ಅದರ ಪೆಡಲಿನ ಕಾಲಷ್ಟೇ ಕೊಡ್ರಿ. ನನ್ನ ಕಾಲು ಮುಟ್ಟವಲ್ವು."

ಸುವರ್ಣಮ್ಮನವರು ಅವರ ಬರಿಗಾಲನ್ನು ಒಮ್ಮೆ ನೋಡಿದರು. ಆಮೇಲೆ ತಾವೇ ಏಣಿ ತಂದರು. "ಕೊಡ್ತೀನಿ. ಆದ್ರ ಒಂದು ದಿನ ಇಲ್ಲಿವರಿಗೂ ಹತ್ತಿಕೊಂಡು ಬಂದು ತೋರಿಸಬೇಕು. ನಿನ್ನ ಮಾತು ನಮ್ಮ ಮನ್ಯಾಗ ಯಾರೂ ನಂಬೂದಿಲ್ಲ."

ಹಳೆಯ ಕ್ರ್ಯಾಂಕು ದುರುಗವ್ವನ ಗೇಣಿನಷ್ಟು ಉದ್ದವಿತ್ತು. ಇದು ಗೇಣಿಗೆ ಎರಡು ಬೆರಳು ಕಡಿಮೆ. ಬಲಗಡೆಯದಕ್ಕೆ ಹಲ್ಲಿನ ಚಕ್ರ ಅಂಟಿಕೊಂಡೇ ಬಂತು, ಅದೂ ಚಿಕ್ಕದು. ಉಜ್ಜಿನಪ್ಪ ಸರಪಳಿಯ ಕೊಂಡಿ ತೆಗೆದು ಮೋಟು ಮಾಡಿದರು, ಪಿನ್ನು ತಿಕ್ಕಿ ಕೂರಿಸಿದರು. ಎಡದ ತಿರುಪು ಉಲ್ಟಾ ಇದೆಯೇ ಎಂದು ಮತ್ತೆ ಮತ್ತೆ ನೋಡಿದರು. ಚಕ್ರ ಚಿಕ್ಕದಾದ್ದರಿಂದ ಕಾಲು ಹೆಚ್ಚು ತಿರುಗಿಸಬೇಕು. ಸಂತೆಗೆ ಹೋಗುವವರು "ದುರುಗವ್ವಾ, ಕಾಲು ಕಳಚಿ ಬಿದ್ದಾವು!" ಎಂದು ಕೂಗುತ್ತಿದ್ದರು. "ಬಿದ್ರ ಆರಿಸಿ ಇಟ್ಟಿರ್ರಿ, ಬರುವಾಗ ಒಯ್ತೀನಿ," ಎನ್ನುತ್ತ ಇವರು ಮುಂದೆ ಹೋಗುತ್ತಿದ್ದರು.

ಕಾರ ಹುಣ್ಣಿಮೆಗೆ ಮೊದಲು ಕೊನೆಯ ತೂಬಿಗೆ ಉಳಿದಿದ್ದುದು ಒಂದೇ ಪಾಳಿ. ಆ ಬೆಳಗ್ಗೆ ಮರುಳಸಿದ್ದಪ್ಪನವರು ತೋಟದ ಬದುವಿನ ಮೇಲೆ ಕೋಲೂರಿ ನಿಂತಿದ್ದರು. ಮೂಡಣದ ಗುಡ್ಡದ ಬಂಡೆಗಳು ಕೆಂಪಾಗಿದ್ದವು, ಬಾಳೆಯ ಸುಳಿ ಇನ್ನೂ ನೆರಳಿನಲ್ಲಿತ್ತು. ಮೊದಲು ಸೈಕಲ್ಲು ಬಂತು. ದುರುಗವ್ವ ಇಳಿದು ಕೊನೆಯ ತೂಬಿನ ಹಲಗೆ ಎತ್ತಿ ನಿಂತರು. ಸ್ವಲ್ಪ ಹೊತ್ತಿಗೆ, ಒಣ ಎಲೆಗಳನ್ನು ತಳ್ಳಿಕೊಂಡು, ನೀರು ಬಂತು.

"ಹತ್ತಿಕೊಂಡು ಬಂದ್ಯೇನು, ತಳ್ಳಿಕೊಂಡು ಬಂದ್ಯೇನು?" ಎಂದರು ಮರುಳಸಿದ್ದಪ್ಪ.

"ನೀರನ್ನ ಕೇಳ್ರಿ ಗೌಡ್ರ. ನನ್ನ ಹಿಂದೇ ಬಂತು."

ಮರುಳಸಿದ್ದಪ್ಪನವರು ಬಗ್ಗಿ ನೀರಿಗೆ ಕೈ ಅದ್ದಿ, ಕಣ್ಣಿಗೆ ಒತ್ತಿಕೊಂಡರು.

ಈಗ ಶ್ರಾವಣ. ಕಾಲುವೆ ತುಂಬಿ ಹರಿಯುತ್ತಿದೆ, ದುರುಗವ್ವನಿಗೆ ಬಿಡುವಿಲ್ಲ. ಬೇಸಿಗೆಯಲ್ಲಿ ಹೂಳು ತೆಗೆಯಲು ಕಾಲುವೆ ನಿಲ್ಲಿಸಿದಾಗ ಸಂಡೂರಿಗೆ ಸೈಕಲ್ಲಿನಲ್ಲಿ ಹೋಗಬೇಕೆಂಬುದು ಅವರ ಆಸೆ. "ಏರು ಬಂದಲ್ಲಿ ತಳ್ತೀನಿ. ಆದ್ರ ಆ ತಾಯಿ ಬಾಗಿಲಿಗೆ ಹತ್ತಿಕೊಂಡೇ ಹೋಗ್ತೀನಿ."

ಸಲಿಕೆಯ ಕಾವು ಏಕೆ ಮೋಟು ಎಂದು ನಾನು ಕೇಳಿದಾಗ ಅವರು ಸುಮ್ಮನೆ ನಕ್ಕರು. ಹೇಳಿದವರು ಉಜ್ಜಿನಪ್ಪ. ಕಾರ ಹುಣ್ಣಿಮೆಯ ದಿನ ಗಂಗಮ್ಮನ ಪೂಜೆಯಾಗಿ, ಅರಿಶಿನ ಹಚ್ಚಿದ ಸಲಿಕೆಯನ್ನು ಮರುಳಸಿದ್ದಪ್ಪನವರು ಎಲ್ಲರ ಮುಂದೆ ದುರುಗವ್ವನ ಕೈಗೆ ಕೊಟ್ಟರು. ಕಾವು ದುರುಗವ್ವನ ತಲೆಗಿಂತ ಎತ್ತರವಿತ್ತು. ದುರುಗವ್ವ ಅದನ್ನು ಕಣ್ಣಿಗೊತ್ತಿಕೊಂಡರು, ತಮ್ಮ ಭುಜಕ್ಕೆ ಹಿಡಿದು ಅಳತೆ ನೋಡಿದರು. ಅಲ್ಲೇ ನಿಂತಿದ್ದ ಬಡಿಗನ ಗರಗಸ ಇಸಿದುಕೊಂಡು ಕೊಯ್ಯಲು ಕೂತೇಬಿಟ್ಟರು.

ಮರುಳಸಿದ್ದಪ್ಪನವರು ಗಾಬರಿಯಾದರು. "ಏನ್ ಮಾಡ್ತೀಯವ್ವಾ! ಗಂಡನ ಸಲಿಕಿ ಅದು!"

ದುರುಗವ್ವ ಗರಗಸ ನಿಲ್ಲಿಸಲಿಲ್ಲ.

"ನೀರಗಂಟಿ ಸಲಿಕಿ ಐತ್ರಿ ಇದು. ನೀರಗಂಟಿ ಈಗ ಇಷ್ಟೇ ಉದ್ದ ಅದಾಳ."