ಬರುವಾಗಿನ ಬುತ್ತಿ

ಲೂಟನ್ ಊರಿನ ಟೋಪಿ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ದುಡಿದ ಬೆರಿಲ್, ಜನ ಟೋಪಿ ಹಾಕುವುದನ್ನೇ ಬಿಟ್ಟ ಮೇಲೆ ವಿಮಾನ ನಿಲ್ದಾಣ ಸೇರಿದಳು. ರಜೆಯ ಜನರನ್ನು ಸ್ಪೇನಿನ ಕಡಲತೀರಕ್ಕೆ ಒಯ್ದು ತರುವ ಕಂಪನಿಯಲ್ಲಿ ಕೆಲಸ. ಊಟ ಹಂಚುವ ರಗಳೆಯೇ ಬೇಡವೆಂದು ಪ್ರತಿ ಸೀಟಿನ ಬೆನ್ನಿಗೆ ಎರಡು ಗೂಡು ಮಾಡಿಸಿದ್ದರು. ಮೇಲಿನದು ಹೋಗುವವರಿಗೆ, ಕೆಳಗಿನದು ಬರುವವರಿಗೆ. ಬೆಳಿಗ್ಗೆಯೇ ಎರಡನ್ನೂ ತುಂಬಿ ಕೆಳಗಿನದಕ್ಕೆ ಬೀಗ ಜಡಿಯುವುದು ಬೆರಿಲ್‌ಳ ಕೆಲಸ. ಹೇರ್‌ಪಿನ್ನಿನಿಂದ ಬೀಗ ತೆಗೆದು ಹೋಗುವಾಗಲೇ ಎರಡನ್ನೂ ಮುಕ್ಕುವ ಮಹಾತ್ಮರೂ ಇದ್ದರೆನ್ನಿ.

ಅವಳ ತಾಯಿ ಎಲ್ಸಿಗೆ ವಿಮಾನವೆಂದರೆ ಜೀವ ಬಾಯಿಗೆ ಬರುತ್ತಿತ್ತು.

"ಹೋಗೋದೇನೋ ಹೋಗ್ತೀನಿ ಕಣೇ. ವಾಪಸ್ ಕರ್ಕೊಂಡು ಬರ್ತಾರೆ ಅಂತ ಏನು ಗ್ಯಾರಂಟಿ?"

"ಅಯ್ಯೋ ಅಮ್ಮಾ, ನೀನು ಬರೋ ದಿನದ ಊಟ ನಾನೇ ಇಟ್ಟು ಬೀಗ ಹಾಕಿ ಕಳಿಸ್ತೀನಲ್ಲ! ಕರ್ಕೊಂಡು ಬರದೆ ಇರೋರು ಊಟ ಯಾಕೆ ಕಳಿಸ್ತಾರೆ?"

ಆ ಮಾತನ್ನು ನಂಬಿ ಮುದುಕಿ ಮಯೋರ್ಕಾ ದ್ವೀಪಕ್ಕೆ ಹೋದಳು.

ಎರಡು ವಾರದ ನಂತರ, ಅವಳು ಮರಳಬೇಕಾದ ದಿನ ಬೆಳಿಗ್ಗೆ, ಮೇಸ್ತ್ರಿ ಕ್ಲಿಫ್ ಮುಖ ತಪ್ಪಿಸಿ ಹೇಳಿದ: "ಇವತ್ತು ಮೇಲಿನದಷ್ಟೇ ತುಂಬು."

"ಯಾಕೆ, ಬರೋರಿಗೆ ಹೊಟ್ಟೆ ಇಲ್ವಾ?"

"ನನ್ನ ಕೇಳ್ಬೇಡ ಮಾರಾಯ್ತಿ. ದೊಡ್ಡೋರ ಅಪ್ಪಣೆ."

ಕಂಪನಿ ಮುಳುಗುತ್ತಿದೆ ಎಂಬ ಗುಸುಗುಸು ವಾರದಿಂದಲೇ ಇತ್ತು. ಬೆರಿಲ್‌ಳ ತಾಯಿಯ ಟಿಕೆಟ್ಟಿನಲ್ಲಿದ್ದದ್ದು ಹದಿನಾಲ್ಕನೇ ಸಾಲಿನ ಕಿಟಕಿ ಸೀಟು. ಅದರೆದುರಿನ ಕೆಳಗೂಡಿನಲ್ಲಿ ಬೆರಿಲ್ ತನ್ನ ಮಧ್ಯಾಹ್ನದ ಚೀಸ್ ಸ್ಯಾಂಡ್‌ವಿಚ್ ಇಟ್ಟು ಬೀಗ ಹಾಕಿದಳು. ಹುಚ್ಚು ಕೆಲಸವೆಂದು ಗೊತ್ತಿದ್ದೂ ಬೀಗವನ್ನು ಎರಡು ಸಲ ಎಳೆದು ನೋಡಿದಳು.

ಪಾಳಿ ಮುಗಿದರೂ ಮನೆಗೆ ಹೋಗಲಿಲ್ಲ. ಚಹಾ ತರಿಸಿಕೊಂಡಳು, ಕುಡಿಯಲಿಲ್ಲ. ಸಂಜೆ ಐದಕ್ಕೆ ವಿಮಾನ ಇಳಿದಾಗ, ಸದ್ಯ ಬಂತಲ್ಲ ಎಂದು ಮೆಟ್ಟಿಲ ಬುಡಕ್ಕೆ ಓಡಿದಳು. ಪೈಲಟ್ ಇಳಿದ. ಗಗನಸಖಿಯರು ಇಳಿದರು. ಆಮೇಲೆ ಯಾರೂ ಇಳಿಯಲಿಲ್ಲ.

"ಹೇಝೆಲ್, ಜನ ಎಲ್ಲೇ?"

ಕೊನೆಗಿಳಿದ ಹುಡುಗಿಯ ಕಣ್ಣು ಕೆಂಪಾಗಿತ್ತು. "ಖಾಲಿ ವಿಮಾನ ತನ್ನಿ ಅಂದ್ಬಿಟ್ರು ಬೆರಿಲ್, ಅಲ್ಲಿ ಸಾಲಕ್ಕೆ ಜಪ್ತಿ ಆಗೋದ್ರೊಳಗೆ. ಅವರೆಲ್ಲ ಅಲ್ಲೇ ಪೆಟ್ಟಿಗೆ ಮೇಲೆ ಕೂತಿದ್ದಾರೆ. ಒಬ್ಬರು ಅಜ್ಜಿ ನನ್ನ ಕೈ ಹಿಡ್ಕೊಂಡು, ಕೆಳಗಿನ ಗೂಡಲ್ಲಿ ಊಟ ಇದೆಯೇನಮ್ಮಾ ಅಂತ ಕೇಳಿದ್ರು. ಪಾಪ, ಹಸಿವೇನೋ."

"ನೀನೇನಂದೆ?"

"ಇದ್ದದ್ದನ್ನೇ ಹೇಳ್ದೆ. ಒಂದರಲ್ಲೂ ಇಲ್ಲ ಅಂದೆ."

ಬೆರಿಲ್ ಮೆಟ್ಟಿಲು ಹತ್ತಿ ಹೋಗಿ ಹದಿನಾಲ್ಕನೇ ಸಾಲಿನ ಕಿಟಕಿ ಪಕ್ಕ ಕೂತು ಬೀಗ ತೆಗೆದಳು. ಇಟ್ಟದ್ದು ಇಟ್ಟ ಹಾಗೆಯೇ ಇತ್ತು.