ಬಿಂದಿಗೆ ಇಟ್ಟ ಜಾಗ

ಬಾಗೂರಿನ ಆಚೆ ಗೊಲ್ಲರಹಟ್ಟಿಯ ಕಾಟಯ್ಯನಿಗೆ ಒಂದಿಷ್ಟು ಬೀಳು ಇತ್ತು. ರಾಗಿ ಹಾಕಿದರೆ ಬಿತ್ತಿದ ಬೀಜವೂ ಹಿಂದಕ್ಕೆ ಬಾರದ ನೆಲ. ಆದರೆ ಮಧ್ಯೆ ಒಂದು ಕಟ್ಟೆ. ಸುತ್ತಲ ಹಳ್ಳಗಳೆಲ್ಲ ಬತ್ತಿದರೂ ಅದರಲ್ಲಿ ನೀರು ನಿಲ್ಲುತ್ತಿತ್ತು. ಎಪ್ಪತ್ತೊಂದನೇ ಇಸವಿ, ಬೇಟೆ ನಿಲ್ಲಿಸುವ ಕಾನೂನು ಇನ್ನೂ ಬಂದಿರಲಿಲ್ಲ. ಹೊಸದುರ್ಗದಲ್ಲಿ ಲಾರಿ ಇಟ್ಟಿದ್ದ ಓಬಣ್ಣ ಬೇಸಿಗೆಯಲ್ಲಿ ಆ ಬೀಳನ್ನು ಬೇಟೆಗೆಂದು ಗುತ್ತಿಗೆ ಹಿಡಿಯುತ್ತಿದ್ದ.

ಬೆಲೆಯನ್ನು ಕೆಸರು ಹೇಳುತ್ತಿತ್ತು. ಸಂಜೆ ಕಾಟಯ್ಯ ಜಾಲಿಕೊಂಬೆ ಎಳೆದು ಕಟ್ಟೆಯ ದಡ ನುಣ್ಣಗೆ ಮಾಡುವನು. ಬೆಳಿಗ್ಗೆ ಅವನೂ ಓಬಣ್ಣನೂ ಕುಕ್ಕರುಗಾಲಲ್ಲಿ ಕೂತು ಹೆಜ್ಜೆ ಓದುವರು. ಮೊಲವಾದರೆ ಇಷ್ಟು, ಹಂದಿಯಾದರೆ ಇಷ್ಟು, ಗಂಡು ಜಿಂಕೆಯಾದರೆ ಅದಕ್ಕೂ ಮೇಲೆ. ಮರಿಯ ಗೊರಸು ಕಂಡರೆ ಮಾತ್ರ ಆ ವರ್ಷ ಗುತ್ತಿಗೆ ಇಲ್ಲ. ಹಾಲೂಡುವ ತಾಯಿ ಓಡಾಡುವ ನೆಲವನ್ನು ಬೇಟೆಗೆ ಕೊಡಬಾರದು ಅಂತ ಹಟ್ಟಿಯ ಕಟ್ಟುಪಾಡು. ಹೆಜ್ಜೆಯ ವಿಷಯದಲ್ಲಿ ಕಾಟಯ್ಯನ ಮಾತಿಗೆ ಎದುರಿರಲಿಲ್ಲ.

ಅವನ ಹೆಂಡತಿ ಪಾಲಮ್ಮನಿಗೆ ಹೆಂಚಿನ ಆಸೆ. ಗುಡಿಸಲ ಹುಲ್ಲು ಸೋರಿ ಸೋರಿ ಒಲೆಯೇ ಹತ್ತುತ್ತಿರಲಿಲ್ಲ. "ಈ ಸಲ ಗುತ್ತಿಗೆ ಆದ್ರೆ ಹೆಂಚು ಹೊದಿಸಾಣ" ಅಂತ ಕಾಟಯ್ಯನೇ ಹೇಳಿದ್ದ.

ಆ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ನೀರಿಗೆ ಹೋದಳು. ಗಂಡು ಜಿಂಕೆಯ ಹೆಜ್ಜೆ ಆಳವಾಗಿ ಬಿದ್ದಿತ್ತು. ಅತ್ತ, ಹೆಣ್ಣಿನ ಹೆಜ್ಜೆಗೆ ಒತ್ತಿಕೊಂಡೇ, ಹುಣಸೆಬೀಜದಷ್ಟು ಗೊರಸು. ಮರಿ.

ಪಾಲಮ್ಮ ಹಿಂದೆ ಮುಂದೆ ನೋಡಿದಳು. ಬಿಂದಿಗೆಯನ್ನು ಅದರ ಮೇಲೆ ಕುಕ್ಕಿ ತಿರುಗಿಸಿದಳು. ನೀರು ತುಳುಕಿಸಿದಳು.

ಆಮೇಲೆ ಓಬಣ್ಣನ ಜೊತೆ ಬಂದ ಕಾಟಯ್ಯ "ಬಿಂದಿಗೆ ಇಲ್ಲೇ ಇಡ್ಬೇಕಿತ್ತೇನೆ?" ಅಂದನೇ ಹೊರತು ಬೇರೇನೂ ಕೇಳಲಿಲ್ಲ.

"ಗಂಡು ಬಂದೈತೆ ಕಾಟಯ್ಯ. ಎಷ್ಟು ಬೇಕು ಕೇಳಪ್ಪ, ಬಾಯಿ ಬಿಟ್ಟು ಕೇಳು," ಅಂದ ಓಬಣ್ಣ.

"ನೆಲಾನೇ ಹೇಳ್ತೈತಲ್ಲ ಸಾವ್ಕಾರ್ರೆ, ನಾನ್ಯಾಕೆ ಬಾಯಿ ನೋಯಿಸ್ಕಳ್ಳಿ?"

ಬೆಲೆ ಕುದುರಿತು.

ಆ ವಾರವೇ ಹೆಣ್ಣು ಜಿಂಕೆಗೆ ಓಬಣ್ಣನ ಗುಂಡು ಬಿತ್ತು. ಕಾಟಯ್ಯ ಮರಿಯನ್ನು ಕಂಬಳಿಯಲ್ಲಿ ಸುತ್ತಿ ತಂದ. ಆಡಿನ ಹಾಲನ್ನು ಬೆರಳಿಂದ ನೆಕ್ಕಿಸಲು ನೋಡಿದ. ಅದು ಕುಡಿಯಲಿಲ್ಲ. ಸತ್ತಿತು.

"ನನ್ ಕಣ್ಣು ಹೋದ್ವು ಕಣೇ," ಅಂದ. "ಮರಿ ಹೆಜ್ಜೆ ಕಾಣ್ಲಿಲ್ವಲ್ಲ."

ನಾಳೆ ಹೇಳುತ್ತೇನೆ ಅಂದುಕೊಂಡಳು ಪಾಲಮ್ಮ. ಮಾರನೆಯ ದಿನ ಹೆಂಚಿನ ಗಾಡಿ ಬಂತು. ಕಾಟಯ್ಯ ಮತ್ತೆ ಹೆಜ್ಜೆ ನೋಡಲಿಲ್ಲ. ಕಳೆದ ಕುರಿ ಹುಡುಕಿಕೊಡು ಅಂತ ಬಂದವರನ್ನೂ "ಕುರುಡನ್ನ ಕೇಳ್ತೀರೇನ್ರಿ" ಅಂತ ಕಳಿಸಿಬಿಟ್ಟ. ಕಾರ್ತಿಕದಲ್ಲಿ ಜ್ವರ ಬಂದು ಆ ಹೆಂಚಿನ ಕೆಳಗೇ ತೀರಿಕೊಂಡ. ಅವತ್ತಿನಿಂದ ಪಾಲಮ್ಮ ಮಗ್ಗುಲಾಗಿಯೇ ಮಲಗುವಳು, ಮೇಲೆ ನೋಡುವುದಿಲ್ಲ.

ಮತ್ತೆ ಬೇಸಿಗೆ, ಮತ್ತೆ ಓಬಣ್ಣನ ಜೀಪು. ದಡ ನುಣ್ಣಗೆ ಮಾಡಿದ್ದು ಮೈದುನ ಗೊಲ್ಲಪ್ಪ. ಬೆಳಿಗ್ಗೆ ಮೊದಲು ಹೋದದ್ದು ಪಾಲಮ್ಮ. ಈ ಸಲ ಮರಿಯ ಗೊರಸು ಇರಲಿಲ್ಲ. ಅವಳು ಎರಡು ಬೆರಳ ತುದಿ ಜೋಡಿಸಿ, ಹೆಣ್ಣಿನ ಹೆಜ್ಜೆಯ ಪಕ್ಕದಲ್ಲಿ ಕೆಸರಿಗೆ ಒತ್ತುತ್ತ ನೀರಿನ ತನಕ ಹೋದಳು.

ಎಲ್ಲರೂ ಬಂದಾಗ ತೋರಿಸಿದಳು. ಓಬಣ್ಣ ಬಗ್ಗಿ ನೋಡಿ, "ಹಂಗಾದ್ರೆ ಈ ವರ್ಷ ಇಲ್ಲ ಬಿಡಮ್ಮ" ಅಂತ ಜೀಪು ಹತ್ತಿದ.

ಗೊಲ್ಲಪ್ಪ ನಕ್ಕ. "ಅಣ್ಣಂಗಿಂತ ನಿನ್ ಕಣ್ಣೇ ಚುರುಕು ಬಿಡು ಅತ್ಗೆ. ಹೋದ್ವರ್ಷ ನೀನೇ ನೋಡಿದ್ರೆ ಆ ಮರಿ ಉಳೀತಿತ್ತು."

ಪಾಲಮ್ಮನಿಗೆ ತಡೆಯಲಾಗಲಿಲ್ಲ.

"ನಿಮ್ಮಣ್ಣನ ಕಣ್ಣಿಗೆ ಏನೂ ಆಗಿರ್ಲಿಲ್ಲ ಕಣೋ. ಹೆಜ್ಜೆ ಇತ್ತು. ನಾನೇ ಬಿಂದಿಗೆ ಇಟ್ಟು ಅಳಿಸ್ದೆ. ಹೆಂಚಿಗೋಸ್ಕರ."

"ಅಣ್ಣಂಗೆ ಹೇಳಿದ್ಯಾ?"

"ಇಲ್ಲ."

ಗೊಲ್ಲಪ್ಪ ನೆಲದ ಮೇಲಿದ್ದ ಕಂಬಳಿ ಎತ್ತಿ ಕೊಡವಿದ. "ಹಟ್ಟಿಗೆಲ್ಲ ಗೊತ್ತಾಗ್ತೈತೆ ಅತ್ಗೆ," ಅಂದ.

"ಆಗ್ಲಿ. ಅವ್ನು ಕುರುಡ ಅನ್ನೋದೊಂದು ನಿಲ್ಲಲಿ."

ಅವನು ಕಂಬಳಿ ಹೆಗಲಿಗೆಸೆದುಕೊಂಡು ಹೋದ. ಪಾಲಮ್ಮ ಕಟ್ಟೆಗಿಳಿದು ಉಗುರ ಸಂದಿಯ ಕೆಸರು ತೊಳೆದುಕೊಂಡಳು. ಬಿಂದಿಗೆಯನ್ನು ಮಾತ್ರ ಕೆಳಗಿಡಲಿಲ್ಲ. ಸೊಂಟದ ಮೇಲೆಯೇ ಇತ್ತು.