ರಾಹುಕಾಲಕ್ಕೆ ನಿಂತ ಹಡಗುಗಳು

ಜಯನಗರದ ಮಾರ್ಕೆಟ್ಟಿನಿಂದ ತಂದ ಅವರೆಕಾಯಿಯನ್ನು ಈಗಷ್ಟೇ ನಡುಮನೆಯ ನೆಲಕ್ಕೆ ಸುರಿದೆ. ಆ ಸೊಗಡಿಗೆ ನನಗೆ ನೆನಪಾದದ್ದು ಅಡುಗೆಯಲ್ಲ, ಒಂದು ಕಂಪ್ಯೂಟರ್ ಗೇಮ್.

ಅಣ್ಣನೂ ನಾನೂ ಸೇರಿ ಬಾಹ್ಯಾಕಾಶದ ಗ್ರಹಗಳನ್ನು ಗೆಲ್ಲುತ್ತಿದ್ದ ಆಟ ಅದು. ನಮ್ಮ ಸರದಿ ಮುಗಿದ ಮೇಲೆಯೇ ಶತ್ರುವಿನ ಸರದಿ. ಹಡಗುಗಳು ಬೆಂಕಿಪೊಟ್ಟಣದ ಹಾಗಿದ್ದವು, ಯುದ್ಧವಂತೂ ತೀರಾ ಸಪ್ಪೆ, ನಿಯಮಗಳನ್ನು ನಾವೇ ಸೋತು ಸೋತು ಕಲಿಯಬೇಕಿತ್ತು. ಆದರೆ ಎಂಟು ಕಣ್ಣಿನ ಶತ್ರುರಾಜ ದಾಳಿಗೆ ಮುಂಚೆ ಕ್ಷಮೆ ಕೇಳಿ ಕಾಗದ ಬರೆಯುತ್ತಿದ್ದ. ಅಂಥ ಮರ್ಯಾದಸ್ಥ ವೈರಿಯನ್ನು ನಾನು ಮತ್ತೆ ಯಾವ ಆಟದಲ್ಲೂ ಕಾಣಲಿಲ್ಲ.

ದಿನಾ ಸಂಜೆ ಐದಕ್ಕೆ ಅಜ್ಜಿ ಅವರೆಯೋ ಬಟಾಣಿಯೋ ತುಂಬಿದ ಮೊರ ಹಿಡಿದು ಬರುತ್ತಿದ್ದಳು.

"ರಾಹುಕಾಲ ಕಣ್ರೋ. ಈಗ ಹಡಗು ಬಿಡ್ಬೇಡಿ, ಆರಾಗ್ಲಿ."

"ಅಷ್ಟರಲ್ಲಿ ಶತ್ರು ಬಂದ್ಬಿಟ್ರೆ?" ಎಂದು ಅಣ್ಣ ಒಮ್ಮೆ ಕೇಳಿದ.

"ನಿನ್ನ ಸರದಿ ಮುಗಿಯೋ ತನಕ ಅವನು ಅಲ್ಲಾಡಲ್ಲ ಅಂತ ನೀನೇ ಅಂದಿದ್ಯಲ್ಲ."

ಆ ಆಟದ ದೊಡ್ಡ ಗುಣವನ್ನು ಅಜ್ಜಿ ನಮಗಿಂತ ಚೆನ್ನಾಗಿ ಹಿಡಿದಿದ್ದಳು. ಅದು ಎಷ್ಟು ಹೊತ್ತಾದರೂ ಕಾಯುತ್ತಿತ್ತು. ಆ ಒಂದು ಗಂಟೆ ನಾವು ಕಾಳು ಬಿಡಿಸುತ್ತಿದ್ದೆವು, ಅಜ್ಜಿ ನಮ್ಮಿಂದ ಸ್ಕೂಲಿನ ಸುದ್ದಿಯನ್ನೆಲ್ಲ ಬಿಡಿಸಿಕೊಳ್ಳುತ್ತಿದ್ದಳು.

ಈಗ ಸುಮ್ಮನೆ ಗೋಡೆಯ ಕ್ಯಾಲೆಂಡರ್ ನೋಡಿದೆ. ಸಂಜೆ ಐದಕ್ಕೆ ರಾಹುಕಾಲ ಇರುವುದು ಭಾನುವಾರ ಮಾತ್ರ.

ಒಳಗೆ ಮಗಳು ಟ್ಯಾಬಿನಲ್ಲಿ ಅಂಥದೇ ಒಂದು ಆಟ ಆಡುತ್ತಿದ್ದಾಳೆ. ಇವತ್ತು ಗುರುವಾರ, ಗಂಟೆ ಐದು.

"ರಾಹುಕಾಲ ಕಣೇ," ಎಂದು ಕೂಗಿದೆ. "ಹಡಗು ಆಮೇಲೆ ಬಿಡು. ಬಾ, ಇಲ್ಲಿ ಕೂತ್ಕೊ."